ಅತಿಥಿಸತ್ಕಾರವೂ ಅಂಗೈಯ ಯಂತ್ರವೂ

ಪ್ರವಾಸಿಗಳನ್ನು ನಂಬಿ ಬಾಳುವ ನಮ್ಮ ನಾಡಿನ ಊರುಗಳಲ್ಲಿ ಹಂಪೆಯು ಅಗ್ರಗಣ್ಯವಾದುದು. 1986ರಲ್ಲಿ ಅದು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತೆಂಬುದು ವಾಚಕರಿಗೆ ತಿಳಿದ ವಿಷಯವೇ. ಗುಡಿಗಳನ್ನು ತೋರಿಸುವ ಮಾರ್ಗದರ್ಶಿ, ಆಟೋ ನಡೆಸುವವನು, ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನು, ಆಚೆಯ ದಡದ ಆನೆಗೊಂದಿಯಲ್ಲಿ ಬಾಳೆಯ ನಾರಿನಿಂದ ಚೀಲ ಹೆಣೆಯುವವಳು, ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವ ಗೃಹಿಣಿ, ಇವರೆಲ್ಲರ ಒಲೆಯೂ ಬಂದುಹೋಗುವವರಿಂದಲೇ ಉರಿಯತಕ್ಕದ್ದು.

ಮೊದಲು ಯಾತ್ರಿಕನು ವಿರೂಪಾಕ್ಷನ ಗೋಪುರದ ಮುಂದೆ ಬಂದಿಳಿದು ಇವರನ್ನು ಅರಸುತ್ತಿದ್ದನು. ಈಗಲಾದರೋ ತನ್ನ ಊರಿನಲ್ಲಿ ಕುಳಿತೇ, ಮೊಬೈಲಿನಲ್ಲಿ ಚಿತ್ರಗಳನ್ನು ನೋಡಿ, ಹಿಂದೆ ಬಂದವರ ಅಭಿಪ್ರಾಯಗಳನ್ನೋದಿ, ಕೋಣೆಯನ್ನು ಗೊತ್ತುಮಾಡಿಕೊಂಡು ಹೊರಡುತ್ತಾನೆ. ಆ ಪರದೆಯ ಮೇಲೆ ಯಾರ ಹೆಸರಿಲ್ಲವೋ ಅವರು ಬಾಗಿಲಲ್ಲಿ ನಿಂತಿದ್ದರೂ ಇಲ್ಲದವರಂತೆಯೇ ಸರಿ.

ಆದಕಾರಣ ಈ ಯಂತ್ರದ ವಿದ್ಯೆಯು ಇಂದು ಅನ್ನದ ವಿದ್ಯೆಯಾಗಿದೆ. ಆದರೆ ಮನೆಯಲ್ಲಿ ಅದನ್ನು ಕಲಿಯತಕ್ಕವರು ಯಾರು? ಕೇಂದ್ರ ಸರಕಾರವು 2017ರಲ್ಲಿ ಗ್ರಾಮೀಣ ಡಿಜಿಟಲ್ ಸಾಕ್ಷರತೆಯ ಯೋಜನೆಯೊಂದನ್ನು ಆರಂಭಿಸಿ, 6 ಕೋಟಿ ಮನೆಗಳಲ್ಲಿ ಮನೆಗೊಬ್ಬರಿಗೆ 20 ಗಂಟೆಗಳ ಪಾಠವನ್ನು ಕಲಿಸಲು ಉದ್ದೇಶಿಸಿತು. ಆ ಯೋಜನೆಯು 2024ರಲ್ಲಿ ಮುಗಿಯಿತು. ಮನೆಗೊಬ್ಬರೆಂದ ಕೂಡಲೆ ಗಂಡುಮಗನನ್ನು ಮುಂದುಮಾಡುವುದು ನಮ್ಮ ಸಂಸಾರಗಳ ರೂಢಿ. ಹಾಸಿಗೆ ಹಾಸಿ, ರೊಟ್ಟಿ ತಟ್ಟಿ, ಅತಿಥಿಯನ್ನು ಆದರಿಸುವವಳು ಸೊಸೆ. ಅವನೊಡನೆ ಮಾತು ಗೊತ್ತುಮಾಡಿ ಹಣ ಎಣಿಸಿಕೊಳ್ಳುವವನು ಮತ್ತೊಬ್ಬ. ಅಂತರ್ಜಾಲದ ಖಾತೆಯು ಅವನ ಹೆಸರಿನಲ್ಲಿದ್ದರೆ, ಅವಳ ಸತ್ಕಾರಕ್ಕೆ ಬಂದ ಹೊಗಳಿಕೆಯೂ ಅವನ ಸೊತ್ತೇ. ಅವನು ಊರು ಬಿಟ್ಟನೆಂದರೆ ಮನೆಯ ಕೀರ್ತಿಯೂ ಅವನೊಡನೆ ಹೋಯಿತು!

ಕಲಿಯಬೇಕಾದುದು ಬೆಟ್ಟದಷ್ಟೇನೂ ಇಲ್ಲ. ಮೊದಲನೆಯದು ಲೆಕ್ಕ. ಅತಿಥಿಯು 2000 ರೂಪಾಯಿ ತೆತ್ತು, ಅವನನ್ನು ಕಳುಹಿಸಿದ ಜಾಲತಾಣವು ನೂರಕ್ಕೆ 15ರಂತೆ ಹಿಡಿದರೆ, 300 ರೂಪಾಯಿ ಅಲ್ಲಿಯೇ ಹೋಯಿತು. ದೂರದವನನ್ನು ಕರೆತಂದ ಕೂಲಿ ಅದು, ಅನ್ಯಾಯವೆನ್ನಲಾಗದು. ಆದರೆ ಅವನೇ ಮುಂದಿನ ವರ್ಷ ನೇರವಾಗಿ ಮನೆಯೊಡತಿಗೆ ಬರೆದು ಬಂದನಾದರೆ ಆ ಹಣವು ಮನೆಯಲ್ಲಿಯೇ ಉಳಿಯುವುದು.

ಎರಡನೆಯದು ಎಚ್ಚರ. 2016ರಲ್ಲಿ ಯುಪಿಐ ಬಂದಂದಿನಿಂದ ಹಣವು ಕ್ಷಣಮಾತ್ರದಲ್ಲಿ ಕೈಸೇರುತ್ತದೆ; ಅಷ್ಟೇ ಬೇಗ ಕೈಬಿಡುತ್ತದೆ ಕೂಡ. ಹಣವನ್ನು ಪಡೆಯುವುದಕ್ಕೆ ಗುಪ್ತಸಂಖ್ಯೆಯನ್ನು ಒತ್ತಬೇಕಾದುದೇ ಇಲ್ಲ. ಕೊಡುವುದಕ್ಕೆ ಮಾತ್ರ ಅದು ಬೇಕು. ‘ಮುಂಗಡ ಕಳುಹಿಸಿದ್ದೇನೆ, ಸಂಖ್ಯೆ ಒತ್ತಿರಿ’ ಎಂದು ಕೇಳುವವನು ಅತಿಥಿಯಲ್ಲ, ಕಳ್ಳನು. ಮೋಸಹೋದವರು ತಡಮಾಡದೆ 1930ಕ್ಕೆ ಕರೆಮಾಡತಕ್ಕದ್ದು.

ಮೂರನೆಯದು ಮಾತು. ಜಲಾಶಯದಿಂದ ನದಿಗೆ ನೀರನ್ನು ಹೆಚ್ಚಾಗಿ ಬಿಟ್ಟಾಗ ಪುರಂದರ ಮಂಟಪವು ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ. ಇಂತಹುದನ್ನು ದಡದಲ್ಲಿರುವವರೇ ಮೊದಲು ಬಲ್ಲರು. ಈಗ ಕನ್ನಡದಲ್ಲಿ ನುಡಿದರೆ ಯಂತ್ರವೇ ಅಕ್ಷರವಾಗಿಸುತ್ತದೆ, ಪರಭಾಷೆಗೂ ತಿರುಗಿಸುತ್ತದೆ. ‘ಇಂದು ನದಿ ತುಂಬಿದೆ, ನಾಳೆ ಬನ್ನಿ’ ಎಂದು ಸಮಯಕ್ಕೆ ತಿಳಿಸಿದ ಮನೆಯನ್ನು ಯಾತ್ರಿಕನು ಮರೆಯಲಾರನು. ಇಂತಹ ಅರಿವನ್ನು ಯಾವ ಯಂತ್ರವೂ ತಾನಾಗಿ ಹುಟ್ಟಿಸಲಾರದು, ಸಾಗಿಸಬಲ್ಲುದಷ್ಟೆ.

ಆದುದರಿಂದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ರಾತ್ರಿಯ ಊಟವಾದ ಮೇಲೆ ಒಂದು ಗಳಿಗೆ ಆ ಯಂತ್ರವನ್ನು ಸೊಸೆಯ ಕೈಗೆ ಕೊಡಿರಿ, ಖಾತೆಯನ್ನು ಅವಳ ಹೆಸರಿನಲ್ಲಿ ತೆರೆಯಿಸಿರಿ. ದುಡಿದ ಕೈಯೇ ಎಣಿಸುವ ಕೈಯೂ ಆಗಲಿ.