ಮೂಳೆಯ ಕಣಜ, ಮಾತ್ರೆಯ ಲೆಕ್ಕ

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡಿರುವ ದಾಸರಹಳ್ಳಿಯಲ್ಲಿ ನನ್ನ ತಂಗಿಯ ಮನೆ. ಇಪ್ಪತ್ತು ವರ್ಷಗಳಿಂದ ಆಕೆ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದಾಳೆ. ವಯಸ್ಸು ಐವತ್ತಾರು. ಕಳೆದ ಶ್ರಾವಣದಲ್ಲಿ ಬಚ್ಚಲಿನಲ್ಲಿ ಕಾಲು ಜಾರಿ ಕೈಯೂರಿದಳು. ಅಷ್ಟಕ್ಕೇ ಮಣಿಕಟ್ಟಿನ ಮೂಳೆ ಮುರಿಯಿತು. ನೋಡಲು ಹೋದಾಗ ಅವಳ ಮುಖದಲ್ಲಿ ನೋವಿಗಿಂತ ಬೆರಗೇ ಹೆಚ್ಚಾಗಿ ಕಂಡಿತು. “ಮೂರು ವರ್ಷದಿಂದ ಒಂದು ದಿನಾನೂ ತಪ್ಪಿಸದೆ ಕ್ಯಾಲ್ಸಿಯಂ ಮಾತ್ರೆ ನುಂಗಿದ್ದೀನಿ ಅಣ್ಣ. ಒಂದರಲ್ಲೇ 1250 ಇದೆ. ಇನ್ನು ಹಾಲು ಮಜ್ಜಿಗೆ ಯಾಕೆ ಅಂತ ಬಿಟ್ಟುಬಿಟ್ಟಿದ್ದೆ” ಎಂದಳು.

ನಾನು ವೈದ್ಯನಲ್ಲ, ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿದವನು. ಆದರೂ ಅಕ್ಷರ ಓದುವ ಅಭ್ಯಾಸ ಬಿಟ್ಟಿಲ್ಲವಾಗಿ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದೆ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ ಎಂಬುದರ ಕೆಳಗೆ, ಅದಕ್ಕೂ ಸಣ್ಣ ಅಕ್ಷರಗಳಲ್ಲಿ, ಅದಕ್ಕೆ ಸಮನಾದ ಶುದ್ಧ ಕ್ಯಾಲ್ಸಿಯಂ 500 ಮಿಲಿಗ್ರಾಂ ಎಂದು ಮುದ್ರಿಸಿತ್ತು. ಕಾರ್ಬೊನೇಟಿನಲ್ಲಿ ಕ್ಯಾಲ್ಸಿಯಂ ಇರುವುದು ನೂರಕ್ಕೆ 40 ಪಾಲು. ಸಿಟ್ರೇಟ್ ಎಂಬ ಇನ್ನೊಂದು ಬಗೆಯಲ್ಲಿ 21 ಪಾಲು ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೂ ಹಾಲೂಡಿಸುವ ತಾಯಂದಿರಿಗೂ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ವಿಧಿಸಿವೆ. ನನ್ನ ತಂಗಿಗೆ ಮಾತ್ರೆಯಿಂದ ದೊರೆಯುತ್ತಿದ್ದುದು ಅರ್ಧಕ್ಕೂ ಕಡಿಮೆ. ಮಿಕ್ಕುದನ್ನು ಕೊಡಬೇಕಾಗಿದ್ದ ಹಾಲನ್ನು ಆಕೆಯೇ ನಿಲ್ಲಿಸಿದ್ದಳು. ಇದರಿಂದಲೇ ಮೂಳೆ ಮುರಿಯಿತೆಂದು ಹೇಳುವುದು ಸಲ್ಲದು. ಲೆಕ್ಕ ತಪ್ಪಿದ್ದುದಂತೂ ನಿಜ.

ನಮ್ಮ ದೇಹದ ಸುಣ್ಣಾಂಶದಲ್ಲಿ ನೂರಕ್ಕೆ 99 ಪಾಲು ಮೂಳೆ ಹಲ್ಲುಗಳಲ್ಲಿದೆ. ಉಳಿದ ಅಲ್ಪಾಂಶದ ಬಲದಿಂದಲೇ ಹೃದಯ ಮಿಡಿಯುತ್ತದೆ, ಸ್ನಾಯು ಸಂಕುಚಿಸುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ರಕ್ತದಲ್ಲಿ ಈ ಅಂಶ ಕುಗ್ಗಿತೆಂದರೆ ದೇಹವು ಮೂಳೆಯೆಂಬ ಕಣಜದ ಬಾಗಿಲನ್ನು ತೆರೆದು ಸಾಲ ತೆಗೆಯುತ್ತದೆ. ಸುಮಾರು ಮೂವತ್ತರ ಪ್ರಾಯದವರೆಗೆ ಕಣಜ ತುಂಬುವ ಕಾಲ. ಹೆಂಗಸರಿಗೆ ಮುಟ್ಟು ನಿಂತ ಮೇಲಿನ ಕೆಲವು ವರ್ಷ ಅದು ಬೇಗ ಬರಿದಾಗುವ ಕಾಲ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದಮಾತ್ರಕ್ಕೆ ಕಣಜವೂ ತುಂಬಿದೆಯೆಂದು ಭಾವಿಸಲಾಗದು. ಆ ಪ್ರಮಾಣವನ್ನು ಸರಿಯಾಗಿ ಇಡುವುದಕ್ಕೆಂದೇ ಕಣಜ ಖಾಲಿಯಾಗುತ್ತಿರಬಹುದು.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಆ ಆನೇಕಲ್ಲಿನ ಸೀಮೆ ರಾಗಿಯ ಸೀಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣಾಂಶವಿದ್ದರೆ ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಇದ್ದರೆ ಹೆಚ್ಚು. ಮುದ್ದೆ ಹೋಗಿ ಅನ್ನ ಬಂದ ಮನೆಯಲ್ಲಿ ಏನು ಹೋಯಿತೆಂಬುದನ್ನು ಬೇರೆ ಹೇಳಬೇಕಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಸ್ವಲ್ಪ ಸುಣ್ಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆಂಬುದೂ ಸತ್ಯವೇ. ಮೊಳಕೆ ಕಟ್ಟಿದರೆ ಅದು ತಗ್ಗುತ್ತದೆ. ಮಕ್ಕಳಿಗೆ ಮೊಳಕೆ ರಾಗಿಯ ಸರಿ ಮಾಡಿಡುತ್ತಿದ್ದ ಅಜ್ಜಿಯರಿಗೆ ಈ ಶಬ್ದ ತಿಳಿದಿರಲಿಲ್ಲ, ಕೆಲಸ ತಿಳಿದಿತ್ತು. ಒಂದು ದೊಡ್ಡ ಲೋಟ ಹಾಲಿನಿಂದ ಸುಮಾರು 300 ಮಿಲಿಗ್ರಾಂ ಬರುತ್ತದೆ. ನುಗ್ಗೆಸೊಪ್ಪು, ಹುರುಳಿ, ಎಳ್ಳು ಇವುಗಳೂ ಕೈಬಿಡುವಂಥವಲ್ಲ.

ಇಷ್ಟು ಉಂಡರೂ ಸಾಲದವರಿಗೆ ವೈದ್ಯರು ಮಾತ್ರೆ ಬರೆಯುತ್ತಾರೆ. ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು. ಆದುದರಿಂದ ಅದನ್ನು ಊಟದೊಡನೆಯೇ ತೆಗೆದುಕೊಳ್ಳಬೇಕು. ನನ್ನ ತಂಗಿ ಬೆಳಗಿನ ಐದು ಗಂಟೆಗೆ ಬರಿಹೊಟ್ಟೆಯಲ್ಲಿ ನುಂಗುತ್ತಿದ್ದಳು! ಸಿಟ್ರೇಟಿಗೆ ಈ ಕಟ್ಟಳೆಯಿಲ್ಲ. ಒಂದು ಹೊತ್ತಿಗೆ 500 ಮಿಲಿಗ್ರಾಂ ಮೀರಿದರೆ ದೇಹ ಹೀರಿಕೊಳ್ಳುವ ಪಾಲು ಕುಗ್ಗುತ್ತದೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ಮೂತ್ರಪಿಂಡದಲ್ಲಿ ಕಲ್ಲಾದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಹಲವು ಕ್ಯಾಲ್ಸಿಯಂ ಮಾತ್ರೆಗಳು ಸಮುದ್ರದ ಚಿಪ್ಪಿನಿಂದ ಆದವು. ಜೊತೆಗೆ ಸೇರಿಸುವ ಜೀವಸತ್ವ ಡಿ-3ನ್ನು ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಸುಣ್ಣದಕಲ್ಲಿನಿಂದ ಮಾಡಿದ ಮಾತ್ರೆಯೂ, ಸಸ್ಯಮೂಲದ ಡಿ ಜೀವಸತ್ವವೂ ಇವೆ. ಔಷಧದ ಅಂಗಡಿಯಲ್ಲಿ ಕೇಳಲು ಸಂಕೋಚಪಡಬಾರದು. ಮನಸ್ಸು ಒಪ್ಪದೆಂದು ವೈದ್ಯರಿಗೆ ತಿಳಿಸದೆಯೇ ಔಷಧ ನಿಲ್ಲಿಸುವುದೂ ಬೇಡ.

ಮಾತ್ರೆಯ ಮಿತಿಯನ್ನೂ ಅರಿತಿರಬೇಕು. ಅಮೆರಿಕದಲ್ಲಿ ಮುಟ್ಟು ನಿಂತ 36,282 ಹೆಂಗಸರನ್ನು ಒಳಗೊಂಡ ದೊಡ್ಡ ಅಧ್ಯಯನವೊಂದರ ಫಲ 2006ರಲ್ಲಿ ಪ್ರಕಟವಾಯಿತು. ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ಡಿ ಜೀವಸತ್ವ ಪಡೆದವರ ಸೊಂಟದ ಮೂಳೆಯ ಸಾಂದ್ರತೆ ಅಲ್ಪಸ್ವಲ್ಪ ಮೇಲಾಯಿತು. ಸೊಂಟದ ಮೂಳೆಮುರಿತ ಗಣನೀಯವಾಗಿ ತಗ್ಗಲಿಲ್ಲ. ಮೂತ್ರಪಿಂಡದ ಕಲ್ಲು ನೂರಕ್ಕೆ 17ರಷ್ಟು ಹೆಚ್ಚಿತು.

ಇನ್ನು ಬಿಸಿಲು. ಚರ್ಮದಲ್ಲಿ ಡಿ ಜೀವಸತ್ವ ಹುಟ್ಟಿಸುವ ಕಿರಣ ಗಾಜನ್ನು ದಾಟದು. ವೈಟ್‌ಫೀಲ್ಡಿನ ಗಾಜಿನ ಮಹಲಿನಲ್ಲಿ ಬೆಳಕು ಎಷ್ಟಿದ್ದರೂ ಮೂಳೆಯ ಪಾಲಿಗೆ ಅದು ಕತ್ತಲೆಯೇ. ಪೀಣ್ಯದ ತಗಡಿನ ಷೆಡ್ಡೂ ಅಷ್ಟೇ. ಕೊರತೆಯಾದವರಿಗೆ ಕೊಡುವ 60,000 ಯೂನಿಟ್‌ನ ಪುಡಿ ಸಾಮಾನ್ಯವಾಗಿ ವಾರಕ್ಕೊಮ್ಮೆಯದು. ಅದನ್ನು ದಿನವೂ ಕುಡಿದರೆ ರಕ್ತದಲ್ಲಿ ಸುಣ್ಣಾಂಶ ಏರಿ ಮೂತ್ರಪಿಂಡಕ್ಕೆ ಹಾನಿಯಾದೀತು.

ತಂಗಿಯ ಕೈ ಈಗ ಕೂಡಿದೆ. ಮಾತ್ರೆ ಊಟದ ಡಬ್ಬಿಯ ಜೊತೆ ಕಾರ್ಖಾನೆಗೆ ಹೋಗುತ್ತದೆ. ರಾತ್ರಿ ಮುದ್ದೆ, ಮಜ್ಜಿಗೆ. ಮಧ್ಯಾಹ್ನದ ಬಿಡುವಿನಲ್ಲಿ ಹತ್ತು ನಿಮಿಷ ಅಂಗಳದಲ್ಲಿ ನಿಲ್ಲುತ್ತಾಳಂತೆ. ಅವಳ ಸೊಸೆ ಈಗ ಆರು ತಿಂಗಳ ಬಸುರಿ. ಸರಕಾರದ ನಿಯಮದಂತೆ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ ಹೆರಿಗೆಯ ನಂತರದ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ. ಕಬ್ಬಿಣಾಂಶದ ಮಾತ್ರೆಯನ್ನು ಅದರೊಡನೆ ನುಂಗಬಾರದು, ಕಬ್ಬಿಣ ಮೈಗೆ ಹತ್ತದು. ಆ ಹುಡುಗಿ ಮರೆವಿನ ಭಯದಿಂದ ಮೂರನ್ನೂ ಒಟ್ಟಿಗೇ ನುಂಗುತ್ತಿದ್ದಳು. ಕಳೆದ ಭಾನುವಾರ ನಾನು ಹೋದಾಗ ಅತ್ತೆ ಸೊಸೆಯರಿಬ್ಬರೂ ಮಾತ್ರೆಯ ಪಟ್ಟಿಗಳನ್ನು ಹರಡಿಕೊಂಡು, ಯಾವುದು ಯಾವ ಹೊತ್ತಿಗೆಂದು ಕ್ಯಾಲೆಂಡರಿನ ಅಂಚಿನಲ್ಲಿ ಬರೆಯುತ್ತಿದ್ದರು.