ಪಿಂಗಾಣಿ ತಟ್ಟೆಯ ಮೇಲಿನ ಚಿತ್ರ ಕೆಡುವುದೇಕೆ?

ಉಡುಗೊರೆಯಾಗಿ ಬರುವ, ಭಾವಚಿತ್ರವುಳ್ಳ ಪಿಂಗಾಣಿ ತಟ್ಟೆಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಅವುಗಳನ್ನು ತಯಾರಿಸುವ ಅಂಗಡಿಯೊಂದರಲ್ಲಿ ನಾನು ಎರಡು ವರ್ಷಗಳಿಂದ ಸಂಜೆಯ ಹೊತ್ತು ದುಡಿಯುತ್ತಿದ್ದೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಪರೀಕ್ಷಾ ಶುಲ್ಕ ಹುಟ್ಟುವುದು ಅಲ್ಲಿಯೇ. ಕೆಟ್ಟ ತಟ್ಟೆಯ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವುದು ಅಲ್ಲಿನ ರೂಢಿ. ಆದಕಾರಣ ತಟ್ಟೆ ಕೆಡುವುದೇಕೆಂಬುದು ನನಗೆ ಬರಿಯ ಕುತೂಹಲದ ಪ್ರಶ್ನೆಯಲ್ಲ.

ಮೊದಲು ತತ್ತ್ವವನ್ನು ನೋಡೋಣ. ಬಟ್ಟೆಯ ಪೆಟ್ಟಿಗೆಯಲ್ಲಿಟ್ಟ ನುಸಿಗುಳಿಗೆಯು ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಸವೆಯುವುದಷ್ಟೆ. ಇದಕ್ಕೆ ಉತ್ಪತನವೆಂದು ಹೆಸರು. ಕಾಗದದ ಮೇಲೆ ಅಚ್ಚಾದ ವಿಶೇಷ ಬಣ್ಣವೂ ಸುಮಾರು 180ರಿಂದ 200 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಹೀಗೆಯೇ ಆವಿಯಾಗುತ್ತದೆ. ಅದನ್ನು ಹೀರಿಕೊಳ್ಳುವುದು ಪಿಂಗಾಣಿಯಲ್ಲ, ಅದರ ಮೇಲೆ ಬಳಿದಿರುವ ಪಾಲಿಯೆಸ್ಟರ್ ಲೇಪ. ಲೇಪವಿಲ್ಲದ ತಟ್ಟೆಯ ಮೇಲೆ ಬಣ್ಣ ನಿಲ್ಲದು.

ಇನ್ನು ದೋಷಗಳು. ಚಿತ್ರವೆಲ್ಲವೂ ಮಂಕಾಗಿದ್ದರೆ ಶಾಖವೋ ಕಾಲವೋ ಸಾಲದು. ಪಿಂಗಾಣಿ ನಿಧಾನವಾಗಿ ಕಾಯುತ್ತದೆ. ಬಟ್ಟೆಗೆ 1 ನಿಮಿಷ ಸಾಕಾದರೆ ತಟ್ಟೆಗೆ 3-4 ನಿಮಿಷ ಬೇಕಾಗಬಹುದು. ಬಣ್ಣ ಕಂದಿ, ಅಂಚುಗಳು ಹರಡಿದ್ದರೆ ಶಾಖ ಮಿತಿಮೀರಿದೆ. ನಡುಭಾಗ ಮಾತ್ರ ಬಿಳಿಚಿಕೊಂಡಿದ್ದರೆ ಒತ್ತಡದ ದೋಷ: ತಟ್ಟೆಯ ನಡು ತಗ್ಗು, ಯಂತ್ರದ ಹಲಗೆ ಸಪಾಟು, ಶಾಖ ತಾಳುವ ಸಿಲಿಕೋನ್ ಮೆತ್ತೆಯಿಟ್ಟು ಆ ತಗ್ಗನ್ನು ತುಂಬಬೇಕು. ಗೆರೆಗಳು ಎರಡೆರಡಾಗಿ ಕಂಡರೆ ಕಾಗದ ಜರುಗಿದೆ. ಶಾಖ ತಾಳುವ ಟೇಪಿನಿಂದ ಅದನ್ನು ಬಿಗಿಯಬೇಕು. ಅಲ್ಲಲ್ಲಿ ಚುಕ್ಕೆಗಳಿದ್ದರೆ ತೇವವೋ ಧೂಳೋ ಕಾರಣ.

ಒಮ್ಮೆ ಹೊಸದಾಗಿ ಬಂದ ಕಟ್ಟಿನ ಮೂರು ತಟ್ಟೆಗಳು ಸಾಲಾಗಿ ಮಂಕಾದವು. ಮಾಲೀಕರು ನನ್ನ ಕೈಯನ್ನು ದೂರಿದರು. ಜೊತೆಯವನು ದೃಷ್ಟಿ ತಾಗಿತೆಂದ. ನಾನು ಅದೇ ಶಾಖ, ಅದೇ ಕಾಲ, ಅದೇ ಒತ್ತಡದಲ್ಲಿ ಹಳೆಯ ಕಟ್ಟಿನ ತಟ್ಟೆಯೊಂದನ್ನು ಒತ್ತಿದೆ. ಅದು ಉಜ್ವಲವಾಗಿ ಮೂಡಿತು. ಹಾಗಾದರೆ ಬದಲಾದುದು ಒಂದೇ: ಲೇಪ. ಆ ತಿಂಗಳು ನನ್ನ ಕೂಲಿ ಮುರಿಯಲಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು, ನೋಡಿದುದನ್ನು ಬರೆದಿಡು: ಇದಿಷ್ಟೇ ಉಪಾಯ. ಸಾಕ್ಷ್ಯವಿಲ್ಲದೆ ತೀರ್ಮಾನಿಸಬಾರದೆಂದು ಚರಿತ್ರೆಯ ತರಗತಿಯಲ್ಲಿ ಕಲಿತೆವಲ್ಲವೆ? ಆ ಪಾಠ ಶಾಸನಗಳಿಗೆಷ್ಟೋ ತಟ್ಟೆಗಳಿಗೂ ಅಷ್ಟೇ ಸಲ್ಲುತ್ತದೆ. ಕಾರಣವನ್ನು ಬಲ್ಲವನು ತನ್ನದಲ್ಲದ ತಪ್ಪಿಗೆ ದಂಡ ತೆರಬೇಕಾಗಿಲ್ಲ.