ಯಂತ್ರದ ತಿರುಳು

ಹಲಸೂರಿನಿಂದ ಹಳೆಯ ಮದ್ರಾಸು ರಸ್ತೆಯನ್ನು ಹಿಡಿದು ಕೃಷ್ಣರಾಜಪುರದ ಕಡೆಗೆ ಹೊರಟವರಿಗೆ ಬೈಯಪ್ಪನಹಳ್ಳಿಯಲ್ಲಿ ಸಿ-ಡ್ಯಾಕ್ ಸಂಸ್ಥೆಯ ನಾಲೆಡ್ಜ್ ಪಾರ್ಕ್ ಸಿಗುತ್ತದೆ. ಅಲ್ಲಿ ಸ್ಥಾಪಿತವಾದ ಎರಡು ಮಹಾಗಣಕಗಳ ಹೆಸರನ್ನು ತಾವು ಕೇಳಿರಬಹುದು. ಮೊದಲನೆಯದು ಪರಮ್ ಪದ್ಮ; 248 ಪ್ರೊಸೆಸರುಗಳ ಈ ಯಂತ್ರ 2003ರ ಜೂನ್ ತಿಂಗಳ ಜಾಗತಿಕ ಪಟ್ಟಿಯಲ್ಲಿ 171ನೆಯ ಸ್ಥಾನ ಪಡೆಯಿತು. ಅನಂತರ ಬಂದದ್ದು 838 ಟೆರಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಉತ್ಕರ್ಷ. ಹೊರಗಿನಿಂದ ಎರಡಕ್ಕೂ ಕೊಡುವ ಆಜ್ಞೆಗಳು ಬಹುಮಟ್ಟಿಗೆ ಒಂದೇ. ಒಳಗಿನ ತಿರುಳು ಮಾತ್ರ ಬೇರೆ: ಪದ್ಮದ್ದು ಐಬಿಎಂ ಕಂಪನಿಯ ಎಐಎಕ್ಸ್, ಉತ್ಕರ್ಷದ್ದು ಲಿನಕ್ಸ್.

ಈ ತಿರುಳಿಗೆ ಕರ್ನೆಲ್ ಎಂದು ಹೆಸರು. ಅವಿಭಕ್ತ ಕುಟುಂಬದಲ್ಲಿ ಉಗ್ರಾಣದ ಬೀಗದ ಕೈ ಒಬ್ಬರಲ್ಲೇ ಇರುವಂತೆ, ಗಣಕದ ಸ್ಮೃತಿ, ಪ್ರೊಸೆಸರಿನ ಕಾಲ, ಡಿಸ್ಕು ಇವೆಲ್ಲವನ್ನೂ ಹಂಚುವ ಅಧಿಕಾರ ಕರ್ನೆಲ್ಲಿನದು. ಒಂದು ಕಾರ್ಯಕ್ರಮ ಇನ್ನೊಂದರ ಪಾಲಿಗೆ ಕೈಹಾಕದಂತೆ ಕಾಯುವುದೂ ಅದೇ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸ್ ಈ ವಂಶದ ಮೂಲಪುರುಷ. ಎಐಎಕ್ಸ್ ಅದರ ನೇರ ಸಂತತಿ. ಲಿನಕ್ಸಾದರೋ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹೊಸದಾಗಿ ಬರೆಯತೊಡಗಿದ್ದು. ರೂಪ ಯುನಿಕ್ಸಿನದು, ರಕ್ತ ಬೇರೆ. ಎರಡರಲ್ಲೂ ಮುಖ್ಯ ಕೆಲಸಗಳೆಲ್ಲ ಕರ್ನೆಲ್ಲಿನ ಒಳಗೇ ನಡೆಯುತ್ತವೆ. ಆದರೆ ಎಐಎಕ್ಸ್ ತನ್ನ ಸ್ವಂತ ಭಾಗಗಳನ್ನೂ ಸ್ಮೃತಿಯಿಂದ ಡಿಸ್ಕಿಗೆ ಇಳಿಸಿ ಜಾಗ ಉಳಿಸಬಲ್ಲದು. ಲಿನಕ್ಸಿನ ಕರ್ನೆಲ್ ಸದಾ ಸ್ಮೃತಿಯಲ್ಲೇ ಕುಳಿತಿರುತ್ತದೆ. ಇದರಿಂದ ಸ್ವಲ್ಪ ಜಾಗ ಹೋದರೂ ರಚನೆ ಸರಳವಾಗುತ್ತದೆ.

ಮೂರನೆಯ ದಾರಿಯೂ ಉಂಟು. ಪ್ರಾಧ್ಯಾಪಕ ಟ್ಯಾನೆನ್‌ಬಾಮ್ 1987ರಲ್ಲಿ ಹೊರತಂದ ಮಿನಿಕ್ಸಿನಲ್ಲಿ ಕರ್ನೆಲ್ ತೀರ ಚಿಕ್ಕದು; ಕಡತಗಳ ವ್ಯವಸ್ಥೆಯಂಥ ಕೆಲಸಗಳನ್ನು ಹೊರಗಿನ ಕಾರ್ಯಕ್ರಮಗಳು ನೋಡಿಕೊಳ್ಳುತ್ತವೆ. ಹೀಗೆ ಬೇರ್ಪಡಿಸಿದರೆ ಒಬ್ಬ ಸೇವಕ ಕುಸಿದಾಗ ಮನೆಯೇ ಕುಸಿಯದು; ಆದರೆ ಪ್ರತಿ ಕೆಲಸಕ್ಕೂ ಸಂದೇಶ ಹೋಗಿ ಬರಬೇಕಾದ್ದರಿಂದ ವೇಗ ತಗ್ಗಬಹುದು. ಇದೇ ವಿಷಯವಾಗಿ 1992ರಲ್ಲಿ ಅವರಿಗೂ ಟೋರ್ವಾಲ್ಡ್ಸರಿಗೂ ಬಿರುಸಾದ ವಾದ ನಡೆಯಿತು. ತಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ತಿರುಳು ಲಿನಕ್ಸ್. ಐಫೋನಾದರೆ ಮ್ಯಾಕ್ ಎಂಬ ಕಿರುತಿರುಳನ್ನೂ ಬಿಎಸ್‌ಡಿ ಯುನಿಕ್ಸನ್ನೂ ಒಟ್ಟಿಗೆ ಬೆಸೆದದ್ದು.

ಇವುಗಳಲ್ಲಿ ಯಾವುದು ಮೇಲು? ವೇಗವೊಂದರಿಂದಲೇ ತೀರ್ಮಾನಿಸಲಾಗದು. ಪದ್ಮದ ಪ್ರೊಸೆಸರುಗಳನ್ನು ಜೋಡಿಸಿದ ಪರಮ್‌ನೆಟ್ ಜಾಲ ಸಿ-ಡ್ಯಾಕ್‌ನವರೇ ನಿರ್ಮಿಸಿದ್ದು. ಇಂಥ ಸ್ವದೇಶಿ ಸಾಧನವನ್ನು ಎಐಎಕ್ಸಿಗೆ ಹೊಂದಿಸುವಾಗ, ಕಂಪನಿ ತೆರೆದಿಟ್ಟ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಲಿನಕ್ಸಿನಲ್ಲಾದರೆ ಇಡೀ ತಿರುಳಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. 2017ರ ನವೆಂಬರ್ ಪಟ್ಟಿಯ 500 ಮಹಾಗಣಕಗಳೂ ಲಿನಕ್ಸನ್ನೇ ನಡೆಸುತ್ತಿದ್ದವು.

ಆದ್ದರಿಂದ ಯಂತ್ರ ಎಷ್ಟು ಬೇಗ ಲೆಕ್ಕ ಮಾಡುತ್ತದೆ ಎಂದು ಕೇಳುವುದರ ಜೊತೆಗೆ, ಅದು ಕೆಟ್ಟಾಗ ಒಳಗೆ ಇಣುಕಿ ನೋಡುವ ಹಕ್ಕು ಯಾರಿಗಿದೆ ಎಂದೂ ಕೇಳುವುದು ಒಳ್ಳೆಯದು. ದೇಶವೊಂದು ತನ್ನ ಲೆಕ್ಕವನ್ನು ಒಪ್ಪಿಸುವ ಯಂತ್ರಕ್ಕಂತೂ ಈ ಎರಡನೆಯ ಪ್ರಶ್ನೆಯೇ ದೊಡ್ಡದು.